ಶುಭಾಳಿಗೊಂದು ಕಾರು, ಭಾವಂದಿರ ತಕರಾರು

ಮುರಳೀಧರ: ಲೋಟ ಇಡ್ಲಿಕ್ಕೆ ಒಂದೇ ಒಂದು ಜಾಗ! ಇದನ್ನು ಕಾರು ಅಂತ ಹೇಳ್ತೀರಾ ಭಾವ?

ಲೋಕನಾಥ: ಕಾರು ಇರುದು ಓಡಿಸ್ಲಿಕ್ಕೆ. ಕಾಫಿ ಕುಡಿಲಿಕ್ಕೆ ಮನೆ ಉಂಟು.

ಡಚ್ಚರ ಊರು ಆಮ್ಸ್ಟೆಲ್‌ವೀನಿನ ಆ ಹಳೇ ಕಾರುಗಳ ಅಂಗಡಿಯ ಅಂಗಳದಲ್ಲಿ ಅರ್ಧ ಗಂಟೆಯಿಂದ ಇದೇ ನಡೆದಿತ್ತು. ಮುರಳೀಧರ ಶುಭಾಳ ಅಣ್ಣ. ಇಪ್ಪತ್ತು ವರ್ಷ ಟೆಕ್ಸಾಸಿನ ನೀರು ಕುಡಿದವನು, ಹದಿನೈದು ದಿನದ ರಜೆಗೆ ಬಂದಿದ್ದ. ಲೋಕನಾಥ ಅವಳ ಗಂಡ. ಎಂಟು ವರ್ಷ ಸ್ಟುಟ್‌ಗಾರ್ಟಿನಲ್ಲಿದ್ದು, ಜರ್ಮನರಿಗಿಂತ ಹೆಚ್ಚು ಜರ್ಮನನಾಗಿ ಇಲ್ಲಿಗೆ ಬಂದವನು. ಉಡುಪಿ ಕಡೆಯ ರೂಢಿಯಂತೆ ಇಬ್ಬರೂ ಒಬ್ಬರಿಗೊಬ್ಬರು ಭಾವ.

ಕಾರು ಬೇಕಾಗಿದ್ದದ್ದು ಮಾತ್ರ ಶುಭಾಳಿಗೆ. ಐದು ವರ್ಷ ಮನೆಯಲ್ಲಿ ಕೂತ ಮೇಲೆ ದೂರದ ಹಳ್ಳಿಯ ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರ ಬೆಳಗ್ಗೆ ಏಳಕ್ಕೆ ಅಲ್ಲಿರಬೇಕು. ಅಷ್ಟು ಹೊತ್ತಿಗೆ ಅಲ್ಲಿಗೆ ಬಸ್ಸಿಲ್ಲ. ಮೂರು ಸಲ ನಪಾಸಾಗಿ, ನಾಲ್ಕನೆಯ ಸಲಕ್ಕೆ ಹೇಗೋ ಡಚ್ ಲೈಸೆನ್ಸ್ ದಕ್ಕಿಸಿಕೊಂಡಿದ್ದಳು.

ಶುಭಾ: ಆ ಹಳ್ಳಿಯ ರಸ್ತೆ ತುಂಬ ಸಪೂರ. ಸಣ್ಣ ಗಾಡಿ ಆದ್ರೆ...

ಮುರಳೀಧರ: ಸಣ್ಣದಾ? ಆ ಪಿಕಪ್ ನೋಡು ಮಾರಾಯ್ತಿ. ಹತ್ತಿ ಕೂತ್ರೆ ಉಪ್ಪರಿಗೆಯಲ್ಲಿ ಕೂತ ಹಾಗೆ! ನಮ್ಮಲ್ಲಿ ಕಾರಲ್ಲೇ ತಿಂಡಿ, ಕಾರಲ್ಲೇ ನಿದ್ದೆ, ಕಾರಲ್ಲೇ ಕೂತು ಬ್ಯಾಂಕಿನ ಕೆಲಸ.

ಲೋಕನಾಥ: ಸ್ನಾನ ಒಂದು ಬಾಕಿ! ಜರ್ಮನಿಯಲ್ಲಿ ಕಾರಿಗೆ ಮಡಿ ಉಂಟು ಭಾವ. ನಮ್ಮ ಪಕ್ಕದ ಮನೆಯವರು, ಸೀಟಿನ ಮೇಲೆ ಬಿಸ್ಕೆಟಿನ ಪುಡಿ ಬಿದ್ರೆ ಹೆಂಡತಿ ಹತ್ರ ಎರಡು ದಿನ ಮಾತಾಡ್ತಿರ್ಲಿಲ್ಲ.

ಮುರಳೀಧರ: ಅದು ಕಾರಾ, ಗರ್ಭಗುಡಿಯಾ?

ಲೋಕನಾಥ: ನಿಮ್ಮದು ಕಾರಾ, ಊಟದ ಛತ್ರವಾ? ಗೇರ್ ಹಾಕ್ಲಿಕ್ಕೂ ಉದಾಸೀನ!

ಮುರಳೀಧರ: ಗೇರ್ ಹಾಕ್ತಾ ಕೂತ್ರೆ ಬರ್ಗರ್ ಹಿಡಿಯುದು ಯಾವ ಕೈಯಲ್ಲಿ?

ಲೋಕನಾಥ: ಶುಭಾ, ನೀನು ಈ ಜರ್ಮನ್ ಗಾಡಿಯನ್ನೇ ತಗೊ. ಗಂಟೆಗೆ ಇನ್ನೂರರಲ್ಲಿ ಹೋದ್ರೂ ಸ್ಟಿಯರಿಂಗ್ ಅಲುಗುದಿಲ್ಲ.

ಶುಭಾ: ಇಲ್ಲಿ ಹಗಲು ನೂರು ದಾಟಿದ್ರೆ ಮನೆಗೆ ದಂಡದ ಕಾಗದ ಬರ್ತದೆ.

ಲೋಕನಾಥ: ಹೋಗುದು ಬೇಡ. ಹೋಗಬಹುದು ಅಂತ ಗೊತ್ತಿದ್ರೆ ಸಾಕು.

ಶುಭಾ: ಓಡಿಸುವವಳು ನಾನಲ್ವಾ?

ಇಬ್ಬರೂ: ಅದಕ್ಕೇ ಅಲ್ವಾ ಇಷ್ಟು ಯೋಚನೆ ಮಾಡುದು!

ಕೊನೆಗೆ ಅಂಗಡಿಯವನು ಪಿಕಪ್ಪಿನ ಕೀಲಿ ಕೊಟ್ಟ, ಒಂದು ಸುತ್ತು ಹೋಗಿಬನ್ನಿ ಎಂದ. ಮುರಳೀಧರ ಸ್ಟಿಯರಿಂಗ್ ಹಿಡಿದು ಕೂತ, ಉಳಿದಿಬ್ಬರೂ ಹತ್ತಿದರು. ಎರಡು ತಿರುವು ಕಳೆಯುವಷ್ಟರಲ್ಲಿ ಕಾಲುವೆ ದಂಡೆಯ ಓಣಿಗೆ ಹೊಕ್ಕಾಗಿತ್ತು. ಎಡಕ್ಕೆ ನೀರು, ಬಲಕ್ಕೆ ನಿಲ್ಲಿಸಿಟ್ಟ ಸೈಕಲ್ಲುಗಳ ಸಾಲು, ಎದುರಿಗೆ ಸಾಮಾನಿನ ವ್ಯಾನು. ವ್ಯಾನಿನವನು ಎಂಜಿನ್ ಆರಿಸಿ, ಡಬ್ಬಿ ತೆರೆದು ಬ್ರೆಡ್ ತಿನ್ನತೊಡಗಿದ.

ಲೋಕನಾಥ: ಹಿಂದೆ ತೆಗೀರಿ ಭಾವ.

ಮುರಳೀಧರ: ಟೆಕ್ಸಾಸಲ್ಲಿ ಹಿಂದೆ ಹೋಗುವ ಪ್ರಸಂಗವೇ ಬರುದಿಲ್ಲ. ನೀವು ತೆಗೀತೀರಾ?

ಲೋಕನಾಥ: ನಾನ್ಯಾಕೆ? ನಿಯಮದ ಪ್ರಕಾರ ಅವನೇ ಹೋಗ್ಬೇಕು!

ಸೈಕಲ್ಲಿನಲ್ಲಿ ಬಂದ ಅಜ್ಜಿಯೊಬ್ಬರು ಇಳಿದು ಬಾನೆಟ್ಟಿಗೆ ಎರಡು ಬಡಿದು, ಡಚ್ಚಿನಲ್ಲಿ ಏನೋ ಅಂದರು.

ಮುರಳೀಧರ: ಎಂತ ಹೇಳುದು ಅವರು?

ಶುಭಾ: ಹಡಗನ್ನು ನೀರಲ್ಲಿ ಬಿಡ್ಬೇಕು, ರಸ್ತೆಯಲ್ಲಿ ಅಲ್ಲ ಅಂತ.

ಹಿಂದೆ ಇನ್ನೂ ನಾಲ್ಕು ಸೈಕಲ್ ಬಂದು ನಿಂತವು. ಶುಭಾಳಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಉಕ್ಕಿದವು.

ಶುಭಾ: ಅಣ್ಣ, ಇಳಿ.

ಮುರಳೀಧರ: ನೀನಾ?

ಶುಭಾ: ಇಳಿ ಅಂದೆ.

ಮೂರು ಸಲವೂ ಅವಳು ನಪಾಸಾಗಿದ್ದು ರಿವರ್ಸಿನಲ್ಲೇ. ಅದೊಂದನ್ನೇ ಇಡೀ ಚಳಿಗಾಲ ಖಾಲಿ ಮೈದಾನದಲ್ಲಿ ತಿದ್ದಿದ್ದಳು. ಅಣ್ಣನ ಜಾಗಕ್ಕೆ ಹತ್ತಿ ಕೂತಳು. ಸೈಕಲ್ಲಿನವರನ್ನು ಸನ್ನೆ ಮಾಡಿ ಸರಿಸಿದಳು. ಒಮ್ಮೆ ಎಡಗನ್ನಡಿ, ಒಮ್ಮೆ ಬಲಗನ್ನಡಿ ನೋಡುತ್ತ, ಸಾಲಿನ ಒಂದು ಸೈಕಲ್ಲಿಗೂ ಸೋಕದಂತೆ, ಆ ಹಡಗನ್ನು ಓಣಿಯ ಬಾಯಿಯವರೆಗೆ ಹಿಂದಕ್ಕೆ ತಂದು ನಿಲ್ಲಿಸಿದಳು. ವ್ಯಾನಿನವನು ಬ್ರೆಡ್ ಹಿಡಿದ ಕೈಯಲ್ಲೇ ಸಲಾಮು ಹೊಡೆದ. ಸೋಮವಾರದ ಹೆದರಿಕೆ ಅಲ್ಲಿಗೆ ಅರ್ಧ ಇಳಿಯಿತು.

ಮುರಳೀಧರ: ಗಾಡಿಯದ್ದು ತಪ್ಪಿಲ್ಲ. ಈ ದೇಶದ ರಸ್ತೆಯೇ ಸರಿ ಇಲ್ಲ.

ಲೋಕನಾಥ: ನೂರಕ್ಕೆ ನೂರು ಸತ್ಯ ಭಾವ!

ಆ ದಿನ ಮೊದಲ ಸಲ ಅಮೆರಿಕವೂ ಜರ್ಮನಿಯೂ ಒಂದಾದವು.

ಅಂಗಡಿಗೆ ಮರಳಿದವಳೇ ಶುಭಾ ಡಚ್ಚಿನಲ್ಲಿ ನಾಲ್ಕು ಮಾತಾಡಿದಳು. ಅಂಗಡಿಯವನು ಮೂಲೆಯಿಂದ ಕಿತ್ತಳೆ ಬಣ್ಣದ ಪುಟ್ಟ ಗಾಡಿಯೊಂದನ್ನು ಹೊರಗೆ ತಂದ.

ಲೋಕನಾಥ: ಇದು ಯಾವ ದೇಶದ್ದು?

ಶುಭಾ: ಜಪಾನಿನದ್ದು.

ಇಬ್ಬರ ಮುಖವೂ ಹಾಗಲಕಾಯಿ ಕಚ್ಚಿದಂತಾಯಿತು.

ಮುರಳೀಧರ: ಇದರೊಳಗೆ ನಾನು ಕೂರುದಾ, ನನ್ನ ಹೆಗಲ ಮೇಲೆ ಇದು ಕೂರುದಾ?

ಶುಭಾ: ಹತ್ತಿ. ಹಿಂದೆ.

ಹತ್ತಿದರು. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಅವಳು ಅದೇ ಓಣಿಯಲ್ಲಿ ಹೋಗಿ, ಅದೇ ಓಣಿಯಲ್ಲಿ ವಾಪಸು ಬಂದಳು.

ಲೋಕನಾಥ: ಶುಭಾ, ಮುಂದಿನ ಸೀಟು ಖಾಲಿ ಉಂಟಲ್ಲ. ಒಬ್ಬರಾದ್ರೂ...

ಶುಭಾ: ಬೇಡ. ಅಲ್ಲಿ ಕೂತವರಿಗೆ ಪಾಠ ಹೇಳುವ ಕಾಯಿಲೆ ಶುರುವಾಗ್ತದೆ.