ಗುಣಗ್ರಾಹಿ ಆರಿಸಿದ ತಂಡ

"ಅಂಬುಜಾ, ಆ ಲೋಟ ಕೆಳಗಿಟ್ಟು ಇಲ್ಲಿ ನೋಡು! ಇವತ್ತಿಂದ ಬ್ಯಾಸ್ಕೆಟ್‌ಬಾಲ್ ಚರಿತ್ರೇನೇ ಬೇರೆ!"

ನಮ್ಮ ಮನೆಯವರು ಹೀಗೆ ಘೋಷಿಸಿದಾಗ ನಾನು ನೋಡಿದ್ದು ಚರಿತ್ರೆಯನ್ನಲ್ಲ, ನನ್ನ ದೊಡ್ಡ ಇಡ್ಲಿ ಪಾತ್ರೆಯನ್ನು. ವಾರದಿಂದ ಅದನ್ನು ಮನೆಯೆಲ್ಲ ಹುಡುಕುತ್ತಿದ್ದೆ. ಈಗ ಅದು ನಡುಮನೆಯಲ್ಲಿ ನಾಲ್ಕು ಚಕ್ರದ ಮೇಲೆ ನಿಂತಿತ್ತು. ಹೊಟ್ಟೆಗೆ ಒಂದು ಕ್ಯಾಮೆರಾ ಕಣ್ಣು, ಮುಚ್ಚಳಕ್ಕೆ ಕುಕ್ಕರ್ ಸೀಟಿ, ಪಕ್ಕದಲ್ಲಿ ರೇಡಿಯೋದಿಂದ ಕಿತ್ತ ಒಂದು ತಿರುಗಣೆ, ಹಿಂದೆ ಬಾಲದಂತೆ ಉದ್ದನೆಯ ವೈರು!

"ಭಾನುವಾರದ ಮದುವೆಗೆ ಇಡ್ಲಿ ಎಲ್ಲಿ ಬೇಯಿಸಲಿ?" ಎಂದೆ.

"ಸಣ್ಣ ಬುದ್ಧಿ ಬಿಡು! ಇದರ ಹೆಸರು ಗುಣಗ್ರಾಹಿ!"

ನಮ್ಮ ಮನೆಯವರ ಹೆಸರು ಚಲಪತಿ. ಮೈಸೂರಿನಲ್ಲಿ ಮದುವೆ ಮುಂಜಿಗಳಿಗೆ ಅಡುಗೆ ಕಂಟ್ರಾಕ್ಟ್ ಹಿಡಿಯುವುದು ನಮ್ಮಿಬ್ಬರ ಕಸುಬು. ನಾನು ಅಡುಗೆ ಮಾಡಿಸುತ್ತೇನೆ, ಅವರು ಯಂತ್ರ ಮಾಡುತ್ತಾರೆ. ಹೋದ ವರ್ಷ ಅವರ ಚಪಾತಿ ಒತ್ತುವ ಯಂತ್ರ ಮದುಮಗನ ಸೋದರಮಾವನ ರೇಷ್ಮೆ ಪಂಚೆಯನ್ನು ಎಳೆದುಕೊಂಡು, ದುಂಡಗೆ ಒತ್ತಿ, ಎರಡೂ ಕಡೆ ಸುಟ್ಟು ಕೊಟ್ಟಿತ್ತು. ಅಂಥವರು ಈಗ ಬ್ಯಾಸ್ಕೆಟ್‌ಬಾಲಿಗೆ ಕೈ ಹಾಕಿದ್ದಕ್ಕೆ ಒಂದು ಕಾರಣವಿತ್ತು. ಆ ಕಾರಣ ಆಗ ಅಡುಗೆಮನೆ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ದೋಸೆ ತಿನ್ನುತ್ತಿತ್ತು.

ನಮ್ಮ ಒಬ್ಬಳೇ ಮಗಳು ಮೇದಿನಿ. ಚಿಕ್ಕಂದಿನಿಂದ ಚೆಂಡು ಬಿಟ್ಟರೆ ಬೇರೆ ಪ್ರಪಂಚವಿಲ್ಲ. ಕಾವೇರಿ ಮಹಿಳಾ ಲೀಗಿನ ಹರಾಜಿನಲ್ಲಿ ಎರಡು ವರ್ಷದಿಂದ ಹೆಸರು ಕೊಡುತ್ತಿದ್ದಳು, ಎರಡು ವರ್ಷವೂ ಯಾವ ತಂಡವೂ ಕೂಗಿರಲಿಲ್ಲ. 'ಅವಳ ಕೈಗೆ ಚೆಂಡು ಸಿಕ್ಕರೆ ಬುಟ್ಟಿಗೇ ಹೊರತು ಇನ್ನೊಬ್ಬರಿಗಿಲ್ಲ' ಎಂಬ ಹೆಸರು ಬಂದುಬಿಟ್ಟಿತ್ತು. "ಈ ಸಲಾನೂ ಯಾರೂ ತಗೊಳ್ಳದಿದ್ರೆ ಶೂ ಅಟ್ಟಕ್ಕೆ ಹಾಕ್ತೀನಮ್ಮ," ಎಂದು ನಗುತ್ತಲೇ ಹೇಳಿದ್ದಳು. ಹೇಳಿದವಳು ಹಿತ್ತಿಲಿಗೆ ಹೋಗಿ ಆ ಶೂಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ತೊಳೆದಳು. ಅದನ್ನು ನಾನು ಅಡುಗೆಮನೆ ಕಿಟಕಿಯಿಂದ ನೋಡಿದೆ. ಅವರಪ್ಪನೂ ನೋಡಿರಬೇಕು. ಮಾರನೆಯ ದಿನವೇ ಇಡ್ಲಿ ಪಾತ್ರೆ ಮಾಯವಾಗಿತ್ತು.

ಪ್ರದರ್ಶನ ನೋಡಲು ಬಂದಿದ್ದವರು ಗುರುಮಲ್ಲಪ್ಪನವರು. ಪೇಟೆಯಲ್ಲಿ ಅವರದು ದೊಡ್ಡ ಪಾತ್ರೆ ಅಂಗಡಿ, ಜೊತೆಗೆ 'ಮೈಸೂರು ಮಯೂರಿಯರು' ತಂಡವೂ ಅವರದೇ. ಹೋದ ವರ್ಷ ಇದ್ದ ದುಡ್ಡೆಲ್ಲ ಸುರಿದು ತೆಂಗಿನಮರದಷ್ಟು ಎತ್ತರದ ಒಬ್ಬಳನ್ನು ಕೊಂಡಿದ್ದರು. ಅವಳು ಮೊದಲ ಪಂದ್ಯದಲ್ಲೇ ಕಾಲು ಉಳುಕಿಸಿಕೊಂಡು ಕೂತಳು. ಉಳಿದವರನ್ನು ಕೊಳ್ಳಲು ದುಡ್ಡಿಲ್ಲದೆ ತಂಡ ತಳ ಸೇರಿತ್ತು.

"ಈ ಸಲ ತೂಕ ನೋಡ್ಕೊಂಡೇ ತಗೊಳ್ಳೋದು ಸ್ವಾಮಿ," ಎಂದು ಅವರು ಗುಣಗ್ರಾಹಿಯನ್ನು ಬೆರಳಿನಿಂದ ಟಣ್ ಟಣ್ ಎಂದು ಬಡಿದು ನೋಡಿದರು. "ಪಾತ್ರೆ ಏನೋ ಗಟ್ಟಿಯಾಗಿದೆ!"

"ಮನುಷ್ಯರನ್ನ ಇದರ ಕಣ್ಣ ಮುಂದೆ ನಿಲ್ಲಿಸಿ ಸಾಕು. ತಂಡಕ್ಕೆ ಎಷ್ಟು ಉಪಯೋಗ ಅನ್ನೋದನ್ನ ಸೀಟಿ ಹೊಡೆದು ಹೇಳುತ್ತೆ. ಅಂಬುಜಾ, ನಿಂತ್ಕೋ!"

ನಾನು ನಿಂತೆ. ಸೀಟಿ ಐದು ಸಲ ಕೂಗಿ ಮುಚ್ಚಳವೇ ಎಗರಿತು!

"ನಮ್ಮ ಅಕ್ಕಾರನ್ನೇ ಕೊಂಡ್ಕೊಂಡ್ರೆ ಕಪ್ ನಮ್ದು ಅನ್ನಿ!" ಎಂದರು ಗುರುಮಲ್ಲಪ್ಪ. ಅವರು ನಿಂತಾಗ ಸೀಟಿ ಒಂದೇ ಒಂದು ಸಲ, ಅದೂ ಒಲ್ಲದ ಮನಸ್ಸಿನಿಂದ ಕೂಗಿತು.

"ಇಷ್ಟೇ ಅಲ್ಲ! ಈ ತಿರುಗಣೆ ತಿರುಗಿಸಿದ್ರೆ ಆ ಗುಣ ತರಂಗದ ಹಾಗೆ ಸುತ್ತ ಹರಡುತ್ತೆ. ಸಾಸಿವೆಯಷ್ಟು ಗುಣ ಇದ್ದೋರಲ್ಲೂ ಉಕ್ಕಿ ಬರುತ್ತೆ!" ಎಂದು ನಮ್ಮ ಮನೆಯವರು ಒಂದಿಷ್ಟೇ ತಿರುಗಿಸಿದರು.

ಗುರುಮಲ್ಲಪ್ಪನವರು ತಟಕ್ಕನೆ ಎದ್ದರು. ಸೀದಾ ಅಡುಗೆಮನೆಗೆ ಹೋಗಿ ದೋಸೆಯ ತಟ್ಟೆ ಎತ್ತಿಕೊಂಡು ಮೇದಿನಿಯ ಮುಂದೆ ಬಾಗಿ, "ಇನ್ನೊಂದು ಹಾಕಿಸ್ಕೊಳವ್ವ, ಸಂಕೋಚ ಬ್ಯಾಡ!" ಎಂದು ಗೋಗರೆದರು. ಮೇದಿನಿ ಸಂಕೋಚವಿಲ್ಲದೆ ತಟ್ಟೆ ಮುಂದೆ ಹಿಡಿದಳು.

"ನೀನೂ ಬಾ ಮಗಳೇ, ನಿಂತ್ಕೋ," ಎಂದರು ಅವರಪ್ಪ ತಿರುಗಣೆ ನಿಲ್ಲಿಸಿ. ಮುಚ್ಚಳವನ್ನು ಎರಡೆರಡು ಸಲ ಒತ್ತಿ ಕೂರಿಸಿದರು. ಇಡೀ ಯಂತ್ರ ಈ ಒಂದು ಗಳಿಗೆಗಾಗಿಯೇ ಎಂದು ನನಗೆ ಆಗ ತಿಳಿಯಿತು.

ಮೇದಿನಿ ನಿಂತಳು. ಸೀಟಿ ಕೂಗಲಿಲ್ಲ. ನಮ್ಮ ಮನೆಯವರು ಪಾತ್ರೆಯನ್ನು ತಟ್ಟಿದರು, ಕ್ಯಾಮೆರಾ ಒರೆಸಿದರು, ವೈರು ಎಳೆದು ನೋಡಿದರು. ಊಹೂಂ! ಒಂದು ಉಸ್ಸೆನ್ನುವ ಸದ್ದೂ ಇಲ್ಲ.

ಗುರುಮಲ್ಲಪ್ಪನವರು ಗಂಟಲು ಸರಿಮಾಡಿಕೊಂಡು ಸೂರಿನ ಕಡೆ ನೋಡಿದರು. ಮೇದಿನಿ ಕೈ ತೊಳೆದುಕೊಂಡು ಹೊರಗೆ ಹೋದಳು.

ಹರಾಜಿನ ದಿನ ಗುಣಗ್ರಾಹಿ ಮೊದಲ ಸಾಲಿನಲ್ಲೇ ಕೂತಿತ್ತು. ಬೇರೆ ತಂಡದವರು ಎತ್ತರದವರಿಗೂ ಹೆಸರಾದವರಿಗೂ ಪೈಪೋಟಿಯ ಮೇಲೆ ಕೂಗಿ ಹಣ ಚೆಲ್ಲುತ್ತಿದ್ದರು. ಬೆಳಗಾವಿ ತಂಡ ಎತ್ತರದ ಒಬ್ಬಳಿಗೇ ಖಜಾನೆ ಖಾಲಿ ಮಾಡಿತು. ನಮ್ಮ ಯಂತ್ರ ಯಾರೂ ತಿರುಗಿ ನೋಡದ ಹುಡುಗಿಯರಿಗೆ ಐದೈದು ಸೀಟಿ ಹೊಡೆಯಿತು. ಅಂಥವರಲ್ಲೊಬ್ಬಳಾದ ಫಿಲೋಮಿನಾ ಎಂಬ ಹುಡುಗಿ ವೇದಿಕೆಗೆ ಬಂದಳು. ಬಂದವಳು ಹರಾಜು ಕೂಗುವವರ ಖಾಲಿ ಲೋಟಕ್ಕೆ ನೀರು ತುಂಬಿಸಿ ನಿಂತಳು. ಮುಚ್ಚಳ ಹಾರಿ ಹಿಂದಿನ ಸಾಲಿನವರ ತೊಡೆಯ ಮೇಲೆ ಬಿತ್ತು! ಬೆಳಗಾವಿಯವರು ಒಬ್ಬಳಿಗೆ ಕೊಟ್ಟ ಹಣದಲ್ಲಿ ಗುರುಮಲ್ಲಪ್ಪನವರು ಒಂದು ಇಡೀ ತಂಡ ಕಟ್ಟಿ ಮೀಸೆ ತಿರುವಿದರು.

ಕೊನೆಯಲ್ಲಿ ಮೇದಿನಿ ಬಂದಳು. ಶೂ ಫಳಫಳ ಹೊಳೆಯುತ್ತಿತ್ತು. ಗುಣಗ್ರಾಹಿ ಸುಮ್ಮನಿತ್ತು, ಸಭೆಯೂ ಸುಮ್ಮನಿತ್ತು. ಗುರುಮಲ್ಲಪ್ಪ ಯಂತ್ರವನ್ನು ನೋಡಿದರು, ನಮ್ಮ ಮನೆಯವರು ನೆಲ ನೋಡಿದರು. ಒಂದನೇ ಸಲ, ಎರಡನೇ ಸಲ, ಮೂರನೇ ಸಲ ಎಂದು ಸುತ್ತಿಗೆ ಬಿತ್ತು, ಈ ಸಲವೂ ಯಾರೂ ಕೂಗಿರಲಿಲ್ಲ.

ಇಳಿದು ಬಂದವಳು ತಂದೆಯ ಭುಜದ ಮೇಲೆ ಕೈ ಇಟ್ಟು, "ಬೇಜಾರು ಮಾಡ್ಕೋಬೇಡಪ್ಪ. ಮಗಳು ಅಂತ ಸುಳ್ಳು ಸೀಟಿ ಹೊಡೀಲಿಲ್ವಲ್ಲ, ಒಳ್ಳೇ ಯಂತ್ರ," ಎಂದಳು. ಅವರು ಎದ್ದು ಯಂತ್ರದ ವೈರನ್ನು ಸುತ್ತಿಟ್ಟರು. ಮದುವೆಯಾದ ಮೇಲೆ ಅವರು ಒಂದು ವೈರನ್ನಾದರೂ ಸುತ್ತಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಮೊದಲ ಪಂದ್ಯಕ್ಕೆ ನಮ್ಮ ಮನೆಮಂದಿಯನ್ನೆಲ್ಲ ಗುರುಮಲ್ಲಪ್ಪ ಕರೆದಿದ್ದರು. ಮೇದಿನಿಯೂ ಬಂದು ನನ್ನ ಪಕ್ಕ ಕಡಲೆಕಾಯಿ ತಿನ್ನುತ್ತ ಕೂತಳು. ಆಟ ಶುರುವಾಯಿತು. ಅಬ್ಬಾ, ನಮ್ಮ ಹುಡುಗಿಯರು ಚೆಂಡು ಸಾಗಿಸುವ ಚೆಂದವೇ! ಇವಳಿಂದ ಅವಳಿಗೆ, ಅವಳಿಂದ ಆಚೆಯವಳಿಗೆ, ಯಾರ ಕೈ ಖಾಲಿಯಿದೆಯೋ ಆ ಕೈಗೆ! ಜನ ಚಪ್ಪಾಳೆ ತಟ್ಟಿದರು. ಆಮೇಲೆ ಭೋಂಯ್ ಎಂದು ಸೈರನ್ ಕೂಗಿತು.

"ಅದೇನೇ ಅದು?" ಎಂದೆ.

"ಇಪ್ಪತ್ನಾಲ್ಕು ಸೆಕೆಂಡಿನೊಳಗೆ ಬುಟ್ಟಿಗೆ ಎಸೀಬೇಕಮ್ಮ. ಎಸೀಲಿಲ್ಲ ಅಂದ್ರೆ ಚೆಂಡು ಅವರಿಗೆ."

ಮತ್ತೆ ಚೆಂಡು ಸಿಕ್ಕಿತು. ಫಿಲೋಮಿನಾ ಬುಟ್ಟಿಯ ಕೆಳಗೇ ನಿಂತಿದ್ದಳು, ಅಡ್ಡ ಒಬ್ಬರೂ ಇರಲಿಲ್ಲ. "ನೀವು ಹಾಕಿ!" ಎಂದು ಹಿಂದಿನವಳಿಗೆ ಕೊಟ್ಟಳು. "ಅಯ್ಯೋ, ನೀವೇ ಹಾಕಿ!" ಎಂದು ಅವಳು ತಿರುಗಿ ಕೊಟ್ಟಳು. ಭೋಂಯ್! ಆಟ ಮುಗಿದಾಗ ಎದುರಾಳಿಗಳು ಎಪ್ಪತ್ತೊಂದು, ನಾವು ಆರು. ಆ ಆರೂ ಎದುರಾಳಿಗಳ ಕೈ ತಾಗಿ ತಪ್ಪಿ ಬಿದ್ದದ್ದು!

ಈ ಓಟ, ಈ ಬಾಗುವಿಕೆ, ಈ ಕಣ್ಣು ಹಾಯಿಸುವ ರೀತಿ ನಾನು ದಿನಬೆಳಗಾದರೆ ನೋಡುವಂಥದ್ದೇ ಆಗಿತ್ತು. ಮದುವೆ ಛತ್ರದ ಊಟದ ಪಂಕ್ತಿಯಲ್ಲಿ!

"ಏನ್ರೀ," ಎಂದೆ, "ಈ ಯಂತ್ರದ ಮಿದುಳು ಎಲ್ಲಿಂದ ತಂದಿರಿ?"

"ಹೊಸದು ಯಾತಕ್ಕೆ? ನಮ್ಮ ಪಂಕ್ತಿಗೆ ಬಡಿಸೋರನ್ನ ಆರಿಸೋಕೆ ಅಂತ ಹಿಂದೆ ಒಂದು ಮಾಡಿದ್ನಲ್ಲ, ಮೂಲೇಲಿ ಬಿದ್ದಿತ್ತು. ಅದನ್ನೇ..." ಎಂದವರು ಅರ್ಧಕ್ಕೆ ನಿಂತರು. ಮುಖ ಸಿಪ್ಪೆ ಹೆರೆದ ಸೋರೆಕಾಯಿಯಂತೆ ಬಿಳಿಚಿತು.

"ಯಾರ ಎಲೆ ಖಾಲಿ ಅಂತ ನೋಡೋರಿಗೆ ಸೀಟಿ ಹೊಡೆದಿದೆ ನಿಮ್ಮ ಗುಣಗ್ರಾಹಿ! ಬಡಿಸೋರೇ ತುಂಬ್ಕೊಂಡಿದಾರೆ, ಉಣ್ಣೋರು ಒಬ್ರೂ ಇಲ್ಲ. ಪಂಕ್ತಿ ಏಳೋದು ಹೇಗೆ?" ಎಂದು ನಾನು ಗೊಣಗಿದೆ.

ನಮ್ಮ ಮನೆಯವರು ನನ್ನನ್ನು ನೋಡಿದರು. ಆಮೇಲೆ ಕಡಲೆಕಾಯಿ ಸಿಪ್ಪೆಯ ರಾಶಿಯ ನಡುವೆ ಕೂತಿದ್ದ ಮಗಳನ್ನು ನೋಡಿದರು. ಧಡಕ್ಕನೆ ಎದ್ದು ಗುರುಮಲ್ಲಪ್ಪನವರ ಕೈ ಹಿಡಿದುಕೊಂಡರು.

"ಯಜಮಾನರೇ, ನಾನೊಂದು ಕಂಡುಹಿಡಿದಿದೀನಿ!" ಎಂದರು. ಕಂಡುಹಿಡಿದವಳು ಪಕ್ಕದಲ್ಲೇ ಇದ್ದೆ, ಇರಲಿ! "ನನ್ನ ಮಗಳು ಹುಟ್ಟಿದಾಗಿಂದ ಒಂದು ಲೋಟ ನೀರು ಯಾರಿಗೂ ಕೊಟ್ಟೋಳಲ್ಲ. ತಪ್ಪು ನಂದೇ, ಕೂತ್ಕೋ ಕೂತ್ಕೋ ಅಂತ ನಾನೇ ಬಡಿಸಿದೀನಿ. ಯಂತ್ರ ಸುಮ್ಮನಿದ್ದದ್ದು ಸರಿಯೇ. ಆದ್ರೆ ಎಲೆಗೆ ಬಿದ್ದದ್ದನ್ನ ಒಂದಗುಳೂ ಬಿಡದ ಹಾಗೆ ಮುಗಿಸೋದ್ರಲ್ಲಿ ಅವಳಿಗೆ ಸಮ ಇಲ್ಲ. ನಿಮ್ಮ ತಂಡಕ್ಕೆ ಈಗ ಬೇಕಾದೋಳು ಅವಳೇ. ಮಗಳು ಅಂತ ಹೇಳ್ತಿಲ್ಲ." ಅಷ್ಟು ಹೇಳಿ, ಹಿಡಿದ ಕೈ ಬಿಡದೆ, "ಮಗಳು ಅಂತಾನೂ ಹೇಳ್ತಿದೀನಿ," ಎಂದರು.

ಮೇದಿನಿ ಕಡಲೆಕಾಯಿ ತಿನ್ನುವುದನ್ನು ನಿಲ್ಲಿಸಿದಳು.

ಪಂದ್ಯಾವಳಿಯ ನಡುವೆ ಒಬ್ಬಳನ್ನು ಸೇರಿಸಿಕೊಳ್ಳಲು ಲೀಗಿನಲ್ಲಿ ಅವಕಾಶವಿತ್ತು. ಗುರುಮಲ್ಲಪ್ಪನವರು ಯೋಚಿಸಿ, "ಊಟಕ್ಕೆ ಪಾತ್ರೆ ಮಾತ್ರ ಇದ್ರೆ ಸಾಲ್ದು ಅನ್ನೋದು ನಂಗೂ ಗೊತ್ತು ಸ್ವಾಮಿ," ಎಂದು ಒಪ್ಪಿದರು.

ಆಮೇಲಿನದನ್ನು ನೀವು ನೋಡಬೇಕಿತ್ತು! ನಾಲ್ವರು ಬಡಿಸಿದರು, ಒಬ್ಬಳು ಉಂಡಳು. ಮೇದಿನಿ ಎಲ್ಲಿ ನಿಂತರೆ ಅಲ್ಲಿಗೆ ಬಿಸಿಬಿಸಿಯಾಗಿ ಚೆಂಡು ಬರುತ್ತಿತ್ತು, ಬಂದದ್ದು ಬುಟ್ಟಿಗೆ ಬೀಳುತ್ತಿತ್ತು. ಗೆದ್ದು ಗೆದ್ದು ಮಯೂರಿಯರು ಫೈನಲ್ ತಲುಪಿದರು. ಎದುರಿಗೆ ಖಜಾನೆ ಖಾಲಿ ಮಾಡಿದ್ದ ಅದೇ ಬೆಳಗಾವಿ ತಂಡ.

ಫೈನಲ್ಲಿನ ಕೊನೆಯ ನಿಮಿಷದಲ್ಲಿ ನಾವು ಒಂದೇ ಅಂಕ ಹಿಂದಿದ್ದೆವು. ಬೆಳಗಾವಿಯ ಮೂವರು ಮೇದಿನಿಯನ್ನು ಗೋಡೆ ಕಟ್ಟಿದಂತೆ ಸುತ್ತಿಕೊಂಡಿದ್ದರು, ಚೆಂಡು ಅವರ ಎತ್ತರದವಳ ಕೈ ಸೇರಿತ್ತು. ನಮ್ಮ ಮನೆಯವರಿಗೆ ತಡೆಯಲಾಗಲಿಲ್ಲ. "ನಮ್ಮ ಹುಡುಗೀರಿಗೆ ಸ್ವಲ್ಪ ಹುಮ್ಮಸ್ಸು ಬರಲಿ," ಎಂದು ಪಕ್ಕದಲ್ಲಿದ್ದ ಗುಣಗ್ರಾಹಿಯ ತಿರುಗಣೆಯನ್ನು ತಿರುಗಿಸಿದರು. ಗಾಬರಿಯಲ್ಲಿ ಪೂರ್ತಿ ತಿರುಗಿಸಿದರು. ತಿರುಗಣೆ ಕಿತ್ತು ಕೈಗೇ ಬಂತು!

ಇಡೀ ಕ್ರೀಡಾಂಗಣದಲ್ಲಿ ಉಪಚಾರ ಉಕ್ಕಿತು! ಬೆಳಗಾವಿಯ ಮೂವರೂ ಪಕ್ಕಕ್ಕೆ ಸರಿದು, "ಬರ್ರಿ ಬರ್ರಿ, ಹಿಂಗ ಬರ್ರಿ," ಎಂದು ದಾರಿ ಬಿಟ್ಟರು. ಅವರ ಎತ್ತರದವಳು ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು, "ತಗೋರಿ ಅಕ್ಕಾ, ನಾಚ್ಕೋಬ್ಯಾಡ್ರಿ," ಎಂದು ಮೇದಿನಿಗೆ ಒಪ್ಪಿಸಿದಳು. ಗಡಿಯಾರದವನು ಗಡಿಯಾರ ನಿಲ್ಲಿಸಿ ನೀರು ಹಂಚಲು ಹೊರಟ. ರೆಫರಿ ತನ್ನ ಸೀಟಿಯನ್ನು ಒರೆಸಿ, "ನೀವೊಂದು ಸಲ ಊದಿ," ಎಂದು ಜನರಿಗೆ ಕೊಡುತ್ತಿದ್ದ. ಗ್ಯಾಲರಿಯಲ್ಲಿ ಎಲ್ಲರೂ ಎದ್ದು ಒಬ್ಬರಿಗೊಬ್ಬರು ಕುರ್ಚಿ ತೋರಿಸುತ್ತಿದ್ದರು, ಕೂತವರು ಮಾತ್ರ ಯಾರೂ ಇಲ್ಲ!

ಮೇದಿನಿಗೆ ಏನೂ ಆಗಿರಲಿಲ್ಲ. ಉಕ್ಕಲು ಅವಳಲ್ಲಿ ಸಾಸಿವೆಯಷ್ಟಾದರೂ ಇರಬೇಕಲ್ಲ! ಬುಟ್ಟಿಯ ಕೆಳಗೆ ಒಬ್ಬಳೇ ನಿಂತಿದ್ದಳು, ಕೈಯಲ್ಲಿ ಚೆಂಡು. ಎಸೆದರೆ ಕಪ್ ಅವಳದು. ಅವಳು ಎಸೆಯಲಿಲ್ಲ. ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಕಡೆ ತಿರುಗಿ ಕೂಗಿದಳು:

"ಅಪ್ಪಾ! ಆಫ್ ಮಾಡು ಅದನ್ನ! ಮನೇಲಿ ನೀನು ಬಡಿಸಿದ್ದು ಸಾಕು. ಇಲ್ಲಿ ನಾನೇ ಕಿತ್ಕೊಂಡು ತಿಂತೀನಿ!"

ಅವರಪ್ಪ ವೈರಿನ ಹತ್ತಿರ ಓಡಿದರು. ಆದರೆ ಉಪಚಾರ ಅವರನ್ನೂ ಹಿಡಿದಿತ್ತು. "ಯಜಮಾನರೇ, ನೀವೇ ಕೀಳಿ!" ಎಂದರು.

"ಛೇ ಛೇ! ಯಂತ್ರ ತಮ್ಮದು, ಮೊದಲ ಮರ್ಯಾದೆ ತಮಗೆ!" ಎಂದರು ಗುರುಮಲ್ಲಪ್ಪ.

"ತಾವು ದೊಡ್ಡವರು!"

"ತಾವು ಬುದ್ಧಿವಂತರು!"

ನನಗೂ ಏನೂ ಆಗಿರಲಿಲ್ಲ. ಮದುವೆಯಾದಾಗಿನಿಂದ ಬಡಿಸಿ ಬಡಿಸಿ ಕಂಠಪೂರ್ತಿ ತುಂಬಿಹೋದವಳಿಗೆ ಇನ್ನೆಲ್ಲಿಂದ ಉಕ್ಕಬೇಕು! ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಗಿ ವೈರು ಕಿತ್ತೆಸೆದೆ.

ಎಲ್ಲರೂ ಕಣ್ಣುಜ್ಜಿಕೊಂಡರು. ಮೇದಿನಿ ಚೆಂಡನ್ನು ತಾನೇ ಬೆಳಗಾವಿಯವರ ಕಡೆಗೆ ಉರುಳಿಸಿಬಿಟ್ಟಳು. ಗಡಿಯಾರ ಓಡತೊಡಗಿತು. ಮರುಕ್ಷಣ ಆ ಎತ್ತರದವಳ ಕೈಯಿಂದಲೇ ಚೆಂಡನ್ನು ಕಿತ್ತುಕೊಂಡು ಓಡಿದಳು ನನ್ನ ಮಗಳು! ಮೂವರು ಮತ್ತೆ ಮೇಲೆ ಬಿದ್ದರು. ಅವರ ಕೈಗಳ ಸಂದಿಯಿಂದ ಎಸೆದಳು. ಚೆಂಡು ಬುಟ್ಟಿಯ ಬಳೆಗೆ ತಾಗಿ, ಒಂದು ಸುತ್ತು ಸುತ್ತಿ ಹೊರಗೆ ಜಾರಿತು. ನಮ್ಮ ಮನೆಯವರು ಕಣ್ಣು ಮುಚ್ಚಿಕೊಂಡರು.

ಎಲ್ಲಿ ಏನು ಕಡಿಮೆ ಬಿತ್ತು ಎಂದು ನೋಡುವ ಕಣ್ಣು ಮಾತ್ರ ಅಲ್ಲಿ ಒಂದಿತ್ತು. ಫಿಲೋಮಿನಾ ಎಲ್ಲಿದ್ದಳೋ ಏನೋ, ಹಾರಿ ಬಂದು, ಎಲೆಯ ತುದಿಗೆ ಉಪ್ಪಿಡುವಷ್ಟು ಮೆತ್ತಗೆ ಆ ಚೆಂಡನ್ನು ಒಳಕ್ಕೆ ತಳ್ಳಿದಳು. ಇಡೀ ಲೀಗಿನಲ್ಲಿ ಅವಳು ಹಾಕಿದ್ದು ಅದೊಂದೇ, ಕಪ್ ತಂದುಕೊಟ್ಟದ್ದೂ ಅದೇ! ಭೋಂಯ್!

"ಕ್ಷಮಿಸಿ, ಬೇರೆ ಯಾರೂ ಹತ್ರ ಇರ್ಲಿಲ್ಲ," ಎಂದು ಆ ಹುಡುಗಿ ಅಳುವ ದನಿಯಲ್ಲಿ ಹೇಳುತ್ತಿದ್ದಳು. ಮೇದಿನಿ ಅವಳನ್ನು ಎತ್ತಿಕೊಂಡು ಕುಣಿದಳು. ಇತ್ತ ಇವಳಪ್ಪ ಖಾಲಿ ಪಾತ್ರೆಯನ್ನು ತಬ್ಬಿಕೊಂಡು ಮಗುವಿನಂತೆ ಅಳುತ್ತಿದ್ದರು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಮುಂದಿನ ಹರಾಜಿನಲ್ಲಿ ಮೇದಿನಿಗಾಗಿ ಮೂರು ತಂಡಗಳು ಕಿತ್ತಾಡಿದವು. ಗುರುಮಲ್ಲಪ್ಪನವರು ಪಟ್ಟು ಬಿಡದೆ ಅವಳನ್ನೂ ಫಿಲೋಮಿನಾಳನ್ನೂ ಉಳಿಸಿಕೊಂಡರು. ಶೂ ಅಟ್ಟ ಸೇರಲಿಲ್ಲ. ಈಗ ಆಟ, ಅಭ್ಯಾಸ, ಊರೂರು ಓಡಾಟ ಎಂದು ಮನೆಗೆ ಬರುವುದೇ ಅಪರೂಪ.

ಗುಣಗ್ರಾಹಿಯ ಕಣ್ಣು, ಸೀಟಿ, ಚಕ್ರ ಎಲ್ಲ ಬಿಚ್ಚಿಸಿ ನನ್ನ ಪಾತ್ರೆಯನ್ನು ನಾನು ವಾಪಸು ಪಡೆದೆ. ಹುಣಸೆಹಣ್ಣು ಹಾಕಿ ಏಳು ಸಲ ತೊಳೆದರೂ ಆ ತರಂಗ ಮಾತ್ರ ಅಲ್ಯೂಮಿನಿಯಂ ಬಿಟ್ಟು ಹೋಗಿಲ್ಲ. ಅದರಲ್ಲಿ ಬೆಂದ ಇಡ್ಲಿ ಮುಂದೆ ಬಂದರೆ ಸಾಕು, "ನೀವು ತಗೊಳ್ಳಿ," "ಇಲ್ಲ, ನೀವು ಮೊದಲು," ಎಂದು ಶುರುವಾಗುತ್ತದೆ. ಹೋದ ತಿಂಗಳ ಒಂದು ಮದುವೆಯಲ್ಲಿ ಬೀಗರಿಬ್ಬರು ಒಂದೇ ಇಡ್ಲಿಗಾಗಿ ಊಟದ ಹೊತ್ತಿನವರೆಗೂ ಉಪಚಾರ ಮಾಡಿಕೊಂಡರು. ಆ ಪಾತ್ರೆಯ ಇಡ್ಲಿಯನ್ನು ಕೇಳದೆ, ಹೇಳದೆ, ಕಟ್ಟೆಯ ಮೇಲೆ ಕೂತು ಖಾಲಿ ಮಾಡುವವಳು ಒಬ್ಬಳೇ. ಹಾಗಾಗಿ ಅವಳು ಮನೆಗೆ ಬಂದ ದಿನ ಮಾತ್ರ ನಾನು ಅದನ್ನು ಒಲೆಗೆ ಏರಿಸುತ್ತೇನೆ.