ನಗುವ ಮನೆಯ ಹೆಪ್ಪು

ನಮ್ಮ ದೊಡ್ಡಪ್ಪನ ಪ್ರಕಾರ ಮನುಷ್ಯನ ಮನಸ್ಸಿರುವುದು ಹೊಟ್ಟೆಯಲ್ಲಿ. ತಲೆಯೇನಿದ್ದರೂ ಟವೆಲ್ ಸುತ್ತಿಕೊಳ್ಳಲು! ಸಾವಿನ ಮನೆಗೆ ಹೋದರೂ ಅಳುತ್ತ ಕೂತವರನ್ನು "ಹೊಟ್ಟೆ ಹೆಂಗೈತೆ?" ಎಂದು ವಿಚಾರಿಸಿಕೊಂಡೇ ಬರುವ ಆಸಾಮಿ. ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ರೇಟು ಕೇಳಿದವರಿಗೆ ಇವರು ಮಲಬದ್ಧತೆಯ ವಿಷಯ ತೆಗೆಯುತ್ತಿದ್ದರು. ಇಂಥವರ ಜೊತೆ ವ್ಯಾಪಾರ ಮಾಡುವುದು ಹೇಗೆ, ನೀವೇ ಹೇಳಿ!

ಈ ಹುಚ್ಚು ಮೊಸರಿನ ಕಡೆ ತಿರುಗಿದ ಕಾರಣ ಮಾತ್ರ ನಗುವಂಥದ್ದಲ್ಲ. ಒಬ್ಬಳೇ ಮಗಳು ಜ್ವರ ಬಂದು ತೀರಿಕೊಂಡ ಮೇಲೆ ದೊಡ್ಡಮ್ಮ ಮಂಕಾಗಿಬಿಟ್ಟಿದ್ದರು. ಮಾತಿಲ್ಲ, ಸರಿಯಾಗಿ ಊಟವಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಮುಗಿಯಿತು. ಕಾಲೇಜಿಗೆಂದು ನಾನು ಹೊನ್ನವಳ್ಳಿಯ ಅವರ ಮನೆಯಲ್ಲೇ ಇದ್ದೆ. ಬಾಗಿಲು ತೆರೆದಿದ್ದರೂ ಆ ಮನೆಯೊಳಗೆ ಉಸಿರು ಕಟ್ಟುತ್ತಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟು, "ಟೈಮ್ ಹಿಡಿಯುತ್ತೆ ಯಜಮಾನ್ರೇ, ಮಾತ್ರೆ ನಿಲ್ಲಿಸಬೇಡಿ" ಎಂದಿದ್ದರು.

ಅಷ್ಟರಲ್ಲಿ ಪೇಪರಿನಲ್ಲಿ ಯಾರೋ ಬರೆದರು: ಮೊಸರಿನಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳು ಕರುಳು ಸೇರಿದರೆ ಮನಸ್ಸಿಗೂ ಹಿತವಾಗಬಹುದು ಅಂತ. ಆ 'ಬಹುದು' ದೊಡ್ಡಪ್ಪನ ಕಣ್ಣಿಗೆ ಬೀಳಲೇ ಇಲ್ಲ!

"ನಮ್ಮನೆ ಮೊಸರಿನ ಹುಳ ಅತ್ತೂ ಅತ್ತೂ ಸತ್ತೋಗವೆ ಕಣೇ. ನಗೋರ ಮನೆ ಹೆಪ್ಪು ತರ್ಬೇಕು."

"ಯಾರು ನಗ್ತಾರೆ ಅಂತ ಹೆಪ್ಪಿಗೇನು ಗೊತ್ತು ದೊಡ್ಡಪ್ಪಾ?"

"ದಿನಾ ಕೇಳಿಸ್ಕೊಳಲ್ವಾ ಅವು!"

ದಬ್ಬೇಘಟ್ಟದಲ್ಲಿ ನಮ್ಮ ನೆಂಟರ ಮನೆಯೊಂದಿತ್ತು. ಅವರು ನಕ್ಕರೆ ಬಸ್‌ಸ್ಟಾಪಿಗೆ ಕೇಳಿಸುತ್ತಿತ್ತು. ಸ್ಟೀಲ್ ಡಬ್ಬಿ ಹಿಡಿದು ದೊಡ್ಡಪ್ಪ ಅಲ್ಲಿಗೆ ತಲುಪಿದಾಗ ಹೊತ್ತು ಮುಳುಗಿತ್ತು.

"ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡಕಿಲ್ಲ ಕಣಪ್ಪ, ಲಕ್ಷ್ಮಿ ಹೊಂಟೋಯ್ತಾಳೆ" ಎಂದಿತು ಆ ಮನೆಯ ಅಜ್ಜಿ.

"ಲಕ್ಷ್ಮಿ ನಿನ್ ತಾವೇ ಇರ್ಲಿ ಕಣವ್ವ, ನಂಗೆ ಹೆಪ್ಪು ಸಾಕು!"

ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರಂತೆ. ಮಾಲು ಅಸಲಿ ಎಂದು ಖಾತ್ರಿಯಾಗಿ, ದೊಡ್ಡಪ್ಪ ಬೆಳಗಾಗುವವರೆಗೆ ಅವರ ಜಗಲಿಯ ಮೇಲೆ ಮಲಗಿ ಡಬ್ಬಿಗೆ ಹೆಪ್ಪು ಹಾಕಿಸಿಕೊಂಡೇ ಬಂದರು. ಬಸ್ಸಿನಲ್ಲಿ ಅರ್ಧ ಮೊಸರು ಕಂಡಕ್ಟರನ ಪ್ಯಾಂಟಿನ ಮೇಲೆ ಚೆಲ್ಲಿತು. ಅವನು ಬೈದರೆ ಇವರು, "ಹೊರಗ್ ಬಿದ್ರೆ ಕೆಲ್ಸ ಮಾಡಕಿಲ್ಲ ಕಣಪ್ಪ, ಹೊಟ್ಟೆಗೇ ಹೋಗ್ಬೇಕು" ಎಂದು ಸಮಾಧಾನ ಹೇಳಿದರಂತೆ!

ಅಂದಿನಿಂದ ದಿನವೂ ತಾವೇ ಹೆಪ್ಪು ಹಾಕಿ, ಅನ್ನ ಕಲಸಿ, ಮಾತ್ರೆಯ ಜೊತೆ ತಟ್ಟೆ ಹಿಡಿದು ದೊಡ್ಡಮ್ಮನ ಪಕ್ಕ ಕೂರುವರು. "ಒಂದೇ ಒಂದು ತುತ್ತು ಕಣೇ" ಎಂದು ಗೋಗರೆಯುವರು. ದೊಡ್ಡಮ್ಮ ಮಾತ್ರೆ ನುಂಗಿ ಮತ್ತೆ ಗೋಡೆಗೆ ತಿರುಗುವರು. ಅನ್ನವೆಲ್ಲ ಎಮ್ಮೆಗೆ.

"ಎಮ್ಮೆ ಗೆಲುವಾಗಿದೆ ದೊಡ್ಡಪ್ಪಾ" ಎಂದೆ ಒಂದು ದಿನ. ಅವರು ನಗಲಿಲ್ಲ. "ಇವ್ಳೂ ಹೋಗ್ಬುಟ್ರೆ ನಾನೇನ್ ಮಾಡ್ಲೇ?" ಎಂದರು. ನನಗೂ ಭಯವಾಯಿತು.

ಹೀಗೇ ಬೇಸಿಗೆ ಕಳೆಯಿತು. ಒಂದು ಮಧ್ಯಾಹ್ನ ನಾನು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಒಳಗಿನಿಂದ ದೊಡ್ಡಪ್ಪ ತಟ್ಟೆ ಹಿಡಿದುಕೊಂಡೇ ಓಡಿಬಂದರು. ಒಂದು ತುತ್ತಿನಷ್ಟು ಅನ್ನ ಕಡಿಮೆಯಾಗಿತ್ತು.

"ಏನಾಯ್ತು ದೊಡ್ಡಪ್ಪಾ?"

"ಹುಳಿ ಅಂತೆ ಕಣೇ! ಮೂತಿ ಸಿಂಡರಿಸ್ಕಂಡು 'ಥೂ, ಹುಳಿ' ಅಂದ್ಲು ಕಣೇ!"

ಅಷ್ಟು ಹೇಳಿ ಮೆಟ್ಟಿಲ ಮೇಲೆ ಕುಸಿದು ಕೂತರು. ಮಗಳನ್ನು ಮಣ್ಣು ಮಾಡಿದ ದಿನವೂ ಬಂದವರ ಹೊಟ್ಟೆ ವಿಚಾರಿಸುತ್ತ ಓಡಾಡಿದ್ದ ಮನುಷ್ಯ, ತಟ್ಟೆಯನ್ನು ಎದೆಗವುಚಿಕೊಂಡು ಗೊಳೋ ಎಂದು ಅತ್ತುಬಿಟ್ಟರು.