ತಿರುವಿನಲ್ಲಿ ನಿಂತ ಅಳಿಯಂದಿರು

“ಇವತ್ತಿನಿಂದ ನಾನು ಬರೀ ಮನುಷ್ಯ ಅಲ್ಲ ಕಣೇ, ಒಂದು ಬ್ರ್ಯಾಂಡು!”

ಹಲ್ಲುಜ್ಜುವ ಬ್ರಷ್ಷನ್ನು ರಾಜದಂಡದಂತೆ ಎತ್ತಿ ಹಿಡಿದು, ಬಚ್ಚಲ ಬಾಗಿಲಲ್ಲಿ ನಿಂತು ಡಬ್ಬಿ ಸಾಹೇಬರು ಹೀಗೆ ಘೋಷಿಸಿದಾಗ, ಅವರ ಹೆಂಡತಿ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಒಂದೇ ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದಳು.

“ಮೊದಲು ಬಾಯಿ ತೊಳ್ಕೊಳ್ಳಿ. ಬ್ರ್ಯಾಂಡು ಬನಿಯನ್ ಮೇಲೆಲ್ಲಾ ಸುರೀತಿದೆ.”

ಡಬ್ಬಿ ಸಾಹೇಬರು ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ರಟ್ಟಿನ ಡಬ್ಬಿ ತಯಾರಿಸುವ ಕಾರ್ಖಾನೆಯಲ್ಲಿ, ಯಾವ ಯಂತ್ರದಲ್ಲಿ ಯಾವತ್ತು ಯಾವ ಅಳತೆಯ ಡಬ್ಬಿ ತಯಾರಾಗಬೇಕೆಂದು ಯೋಜನೆ ಹಾಕುವುದು ಅವರ ಕೆಲಸ. ಹಾಗಾಗಿ ಸಹೋದ್ಯೋಗಿಗಳು ಪ್ರೀತಿಯಿಂದ ಇಟ್ಟ ಬಿರುದು ಅದು. ಸ್ವಭಾವಕ್ಕೂ ಹೊಂದುತ್ತಿತ್ತು. ನಾಲ್ಕೂ ಕಡೆ ಮಡಚಿ, ಮೇಲೆ ಟೇಪು ಅಂಟಿಸಿದಂಥ ಮನುಷ್ಯ! ಲಿಫ್ಟಿನಲ್ಲಿ ಯಾರಾದರೂ ಸಿಕ್ಕು “ಊಟ ಆಯ್ತಾ?” ಎಂದು ಕೇಳಿಬಿಟ್ಟರೆ ಏನು ಗತಿ ಎಂದು ಹೆದರಿ, ಇಷ್ಟು ವರ್ಷ ಮೂರನೇ ಮಹಡಿಗೆ ಮೆಟ್ಟಿಲು ಹತ್ತಿಕೊಂಡೇ ಹೋಗುತ್ತಿದ್ದವರು.

ಇಂಥವರಿಗೆ ಬ್ರ್ಯಾಂಡಿನ ಹುಚ್ಚು ಹಿಡಿಸಿದ್ದು ಹೊಟ್ಟೆಪಾಡು. ಕಾರ್ಖಾನೆಯನ್ನು ಯಾರೋ ದೊಡ್ಡವರು ಕೊಂಡುಕೊಂಡಿದ್ದರು. ಯೋಜನೆ ಹಾಕುವ ವಿಭಾಗ ಇನ್ನು ಇಲ್ಲಿರುವುದಿಲ್ಲ, ನಿಮ್ಮ ನಿಮ್ಮ ದಾರಿ ನೋಡಿಕೊಳ್ಳಿ ಎಂದು ಬಹಳ ನಯವಾದ ಭಾಷೆಯಲ್ಲಿ ತಿಳಿಸಿದ್ದರು. ಆಗ ಮಾರಾಟ ವಿಭಾಗದ ಗೆಳೆಯನೊಬ್ಬ ಕ್ಯಾಂಟೀನಿನಲ್ಲಿ ಉಪದೇಶ ಮಾಡಿದ:

“ಕೆಲಸ ಗೊತ್ತಿದೆ ಅಂತ ಮನೇಲಿ ಕೂತ್ರೆ ಯಾರೂ ಕರೆಯಲ್ಲ ಸಾಹೇಬ್ರೆ. ನಿಮ್ಮನ್ನೇ ನೀವು ಒಂದು ಬ್ರ್ಯಾಂಡು ಮಾಡ್ಕೋಬೇಕು. ನಾಲ್ಕು ಜನರ ಪರಿಚಯ ಮಾಡ್ಕೋಬೇಕು. ಮಾತಾಡಬೇಕು.”

“ಮಾತಾಡಲೇಬೇಕಾ?” ಸಾಹೇಬರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

“ಅಯ್ಯೋ, ಈಗ ಎಲ್ಲಾ ಫೋನಲ್ಲೇ ಮಾಡಬಹುದು. ಅದಕ್ಕೇ ಒಂದು ಆ್ಯಪ್ ಇದೆ.”

ಮಾತಾಡದೆಯೇ ಮಾತಾಡಬಹುದು! ಸಾಹೇಬರಿಗೆ ಸ್ವರ್ಗದ ಬಾಗಿಲು ಅರ್ಧ ತೆರೆದಂತಾಯಿತು.

ಬಚ್ಚಲ ಬಾಗಿಲಲ್ಲಿ ಘೋಷಣೆ ಮಾಡಿದ ದಿನ ಸಂಜೆಯೇ ಸೋಫಾದ ಮೇಲೆ ಪದ್ಮಾಸನ ಹಾಕಿ ಕೂತರು. ಮೊದಲು ಫೋಟೋ. ಕೈಕಟ್ಟಿ, ಗಲ್ಲ ಎತ್ತಿ, ದೂರದ ಭವಿಷ್ಯವನ್ನು ನೋಡುವ ಭಂಗಿ. ಹೆಂಡತಿಯೇ ತೆಗೆದಳು. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಕಣ್ಣು ಪರೀಕ್ಷಿಸುವವಳು, ಫೋಟೋ ನೋಡಿ, “ಸೀಲಿಂಗ್‌ನಲ್ಲಿ ಹಲ್ಲಿ ಹುಡುಕ್ತಿರೋ ಹಾಗಿದೆ. ದೂರದೃಷ್ಟಿ ಅಂದ್ರೆ ಇದಲ್ಲ ಕಣ್ರೀ,” ಎಂದಳು.

ಆಮೇಲೆ ಹೆಸರಿನ ಕೆಳಗೊಂದು ಸಾಲು. ‘ರಟ್ಟಿನ ಡಬ್ಬಿ ಉತ್ಪಾದನಾ ಯೋಜಕ’ ಎಂದು ಬರೆದರೆ ಬ್ರ್ಯಾಂಡು ಹೇಗಾದೀತು? ಬಹಳ ಹೊತ್ತು ತಲೆ ಕೆರೆದುಕೊಂಡು, ‘ನೆಲೆಯಿಲ್ಲದವುಗಳಿಗೆ ನೆಲೆ ಕಲ್ಪಿಸುವ ಕನಸುಗಾರ’ ಎಂದು ಬರೆದರು.

“ಅನಾಥಾಶ್ರಮ ಅಂದ್ಕೋತಾರೆ!”

“ನಿನಗೆ ಇದೆಲ್ಲಾ ಅರ್ಥ ಆಗಲ್ಲ ಬಿಡು.”

“ನಿಮಗೆ ಅರ್ಥ ಆಗಿದ್ರೆ ಸರಿ.”

ಕೊನೆಗೆ ಬಂತು ಪರಿಚಯದ ಸಂದೇಶ. ಸಾಹೇಬರು ತಮ್ಮ ಶಾಲಾದಿನಗಳ ಪ್ರಬಂಧ ಪ್ರತಿಭೆಯನ್ನೆಲ್ಲ ಬಸಿದು ಬರೆದರು: ‘ಮಾನ್ಯರೇ, ತಮ್ಮ ಪಯಣವನ್ನು ಬಹುಕಾಲದಿಂದ ಮೆಚ್ಚುಗೆಯಿಂದ ಗಮನಿಸುತ್ತಿದ್ದೇನೆ. ಜೀವನದ ಮಹತ್ವದ ತಿರುವಿನಲ್ಲಿ ನಿಂತಿದ್ದೇನೆ. ತಮ್ಮೊಡನೆ ಕೂತು ನಾಲ್ಕು ಮಾತಾಡುವ ಭಾಗ್ಯ ಸಿಕ್ಕೀತೇ?’ ತಾವು ಆರಿಸಿದ ಕೆಲವು ದೊಡ್ಡ ಕಂಪನಿಗಳ ಅಧಿಕಾರಿಗಳಿಗೆ ಮಾತ್ರ ಇದನ್ನು ಕಳಿಸಬೇಕೆಂಬುದು ಅವರ ಯೋಜನೆ. ಅಷ್ಟರಲ್ಲಿ ಪರದೆಯ ಮೇಲೆ ಏನೋ ಪ್ರಶ್ನೆ ಬಂತು. ಓದುವ ಕನ್ನಡಕ ಒಳಗಿನ ಕೋಣೆಯಲ್ಲಿತ್ತು. ಯಾರು ಏಳುತ್ತಾರೆ? ಒಪ್ಪಿಗೆ ಎಂದು ಒತ್ತಿದರು.

ಅದು ಕೇಳಿದ್ದು, ನಿಮ್ಮ ಫೋನಿನಲ್ಲಿರುವ ಎಲ್ಲರಿಗೂ ಕಳಿಸಲೇ ಎಂದು!

ಬೆಳಗ್ಗೆ ಮೊದಲ ಕರೆ ಬಂದದ್ದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಿಂದ. “ತಿರುವಿನಲ್ಲಿ ಅಂತ ಬರೆದಿದ್ದೀರಿ ಸಾರ್. ದವಡೆಯ ತಿರುವಾ? ಯಾವ ಕಡೆ? ಊತ ಇದೆಯಾ?” ಎಂದು ವಿಚಾರಿಸಿದ ಹುಡುಗಿಗೆ ಸಾಹೇಬರು ಎಡಗಡೆ ಎಂದುಬಿಟ್ಟರು. ಅಪಾಯಿಂಟ್‌ಮೆಂಟೂ ಸಿಕ್ಕಿತು! ಹೆಂಡತಿ ಸ್ನಾನಕ್ಕೆ ಹೋದಾಗ ಅವಳ ಫೋನಿಗೆ ಬಂದದ್ದನ್ನು ಮೆಲ್ಲಗೆ ಅಳಿಸಿಹಾಕಿದರು.

ಕಾರ್ಖಾನೆಗೆ ಹೋದರೆ ಮ್ಯಾನೇಜರು ತಮ್ಮ ಕೋಣೆಗೆ ಕರೆದು, ಬಾಗಿಲು ಹಾಕಿ, ತಾವೇ ನೀರಿನ ಲೋಟ ಮುಂದಿಟ್ಟರು.

“ಮನೇಲಿ ಎಲ್ಲಾ ಸರಿ ಇದೆ ತಾನೆ?”

“ಇದೆ ಸಾರ್.”

“ನೋಡಿ, ಜೀವನದಲ್ಲಿ ತಿರುವು ಎಲ್ಲರಿಗೂ ಬರುತ್ತೆ. ನಾಳೆ ರಜ ತಗೊಳ್ಳಿ. ಒಬ್ಬರೇ ಮಾತ್ರ ಇರಬೇಡಿ. ಅಂದಹಾಗೆ, ನನ್ನ ಪಯಣ ಮೆಚ್ಚಿದ್ದಕ್ಕೆ ಥ್ಯಾಂಕ್ಸ್.”

ಸಾಹೇಬರು ಗಟಗಟ ನೀರು ಕುಡಿದು ಹೊರಬಂದರು. ಮರುದಿನ ಹೆಂಡತಿಗೂ ವಾರದ ರಜೆ. ಏನೂ ಆಗಿಲ್ಲವೆಂಬಂತೆ ಸಾಹೇಬರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದಾಗ ಬಾಗಿಲ ಗಂಟೆ ಹೊಡೆಯಿತು. ತೆರೆದರೆ, ಎದುರಿಗೆ ಮಾವ! ಕೈಯಲ್ಲಿ ಚೀಲ, ಕಂಕುಳಲ್ಲಿ ಸ್ವಂತ ದಿಂಬು.

ಮಾವ ಈ ಮನೆಗೆ ಕಾಲಿಟ್ಟು ಎರಡು ವರ್ಷವಾಗಿತ್ತು. ಜೀವಮಾನವಿಡೀ ಸಿಟಿ ಬಸ್ಸು ಓಡಿಸಿ ನಿವೃತ್ತರಾದ ಹಿರಿಯರು. ಸಾಹೇಬರು ಹೊಸದಾಗಿ ಹಳೆಯ ಕಾರು ಕೊಂಡಾಗ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿದ್ದರು. ‘ಕನ್ನಡಿ ನೋಡಿ’, ‘ಕ್ಲಚ್ ಬಿಡಿ’, ‘ಅಷ್ಟು ಬೇಗ ಬಿಡಬೇಡಿ’ ಎಂಬ ಸಹಸ್ರನಾಮ ಕೇಳಿ ಕೇಳಿ ತಲೆ ಕೆಟ್ಟು, “ನೀವು ಹಿಂದಿನ ಸೀಟಲ್ಲಿ ಕೂತ್ರೆ ನನಗೆ ಚೆನ್ನಾಗಿ ಓಡಿಸೋಕೆ ಬರುತ್ತೆ ಮಾವ,” ಅಂದಿದ್ದರು. ಕೆಂಪು ದೀಪ ಬಿದ್ದಾಗ ಮಾವ ಮೆಲ್ಲಗೆ ಇಳಿದು, ಬಾಗಿಲು ಸದ್ದಾಗದಂತೆ ಹಾಕಿ, ನಡೆದು ಹೋದರು. ಹಿಂದಿನ ಸೀಟಿಗಲ್ಲ, ಮನೆಗೆ! ಅಂದಿನಿಂದ ಹೆಂಡತಿ ಒಬ್ಬಳೇ ತವರಿಗೆ ಹೋಗಿಬರುತ್ತಿದ್ದಳು. ಅಲ್ಲಿಯ ಮಾತು ಇಲ್ಲಿ ಆಡುತ್ತಿರಲಿಲ್ಲ, ಇಲ್ಲಿಯದು ಅಲ್ಲಿ ಆಡುತ್ತಿರಲಿಲ್ಲ.

“ಅಪ್ಪ!” ಎಂದು ಓಡಿಬಂದ ಹೆಂಡತಿಯ ಕೈಗೆ ದಿಂಬು ಕೊಟ್ಟು, ಮಾವ ಸೋಫಾದಲ್ಲಿ ಕೂತು ಫೋನು ತೆಗೆದರು.

“ಅಳಿಯಂದ್ರೆ, ಅಷ್ಟು ವರ್ಷ ಬಸ್ಸು ಓಡಿಸಿದೆ. ‘ನಿಮ್ಮ ಪಯಣ ಮೆಚ್ಚಿದೆ’ ಅಂತ ಒಬ್ಬ ಪ್ರಯಾಣಿಕನೂ ಹೇಳಿರಲಿಲ್ಲ. ನೀವು ಹೇಳಿದಿರಿ.” ಕಣ್ಣೊರೆಸಿಕೊಂಡರು. “ಆದ್ರೆ ಒಂದು ವಿಷಯ. ತಿರುವಿನಲ್ಲಿ ಮಾತ್ರ ಯಾವತ್ತೂ ನಿಲ್ಲಬೇಡಿ. ಹಿಂದಿನಿಂದ ಬರೋ ಗಾಡಿಗೆ ಕಾಣಲ್ಲ.”

ಹೆಂಡತಿ ಸಾಹೇಬರನ್ನು ನೋಡಿದಳು. ಮದುವೆಯಾದ ಹೊಸತರಲ್ಲೂ ಅವಳು ಹೀಗೆ ನೋಡಿರಲಿಲ್ಲ. “ನನಗೆ ಒಂದು ಮಾತೂ ಹೇಳದೆ... ನೀವೇ ಬರೆದ್ರಾ?”

ನಿಜ ಗಂಟಲವರೆಗೆ ಬಂತು. ಆ ಮುಖ ನೋಡಿ ಅಲ್ಲೇ ಕೂತಿತು. “ಹೂಂ... ಏನೋ... ಮನಸ್ಸಿಗೆ ಬಂತು, ಬರೆದೆ.”

ಅವಳು ಟೀ ಮಾಡಲು ಹೋದಳು. ಅಡುಗೆಮನೆಯಿಂದ ಹಾಡು ಗುನುಗುವ ಸದ್ದು ಕೇಳಿಬಂತು. ಅವಳಿಗೆ ಹಾಡು ಬರುತ್ತದೆಂಬುದೇ ಸಾಹೇಬರಿಗೆ ಮರೆತುಹೋಗಿತ್ತು. ಮಾವ ಮನೆಯನ್ನೆಲ್ಲ ಕಣ್ಣಲ್ಲೇ ಒಂದು ಸುತ್ತು ಹಾಕಿ, ಕಾಲು ಚಾಚಿದರು. ಟೀ ಬಂತು. ಬಿಸ್ಕತ್ತು ಬಂತು. ಅದರ ಹಿಂದೆಯೇ ಮತ್ತೆ ಬಾಗಿಲ ಗಂಟೆಯೂ ಹೊಡೆಯಿತು.

ಈ ಸಲ ಬಂದವನು ಕೊಳಾಯಿ ರಿಪೇರಿಯವನು. ತಲೆ ನೀಟಾಗಿ ಬಾಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ.

“ಕರೆಸಿದ್ರಂತಲ್ಲ ಸಾರ್?”

“ನಾನಾ? ಇಲ್ಲವಲ್ಲ!” ಸಾಹೇಬರು ಬಾಗಿಲನ್ನು ಅರ್ಧ ಮುಚ್ಚಿಯೇಬಿಟ್ಟರು.

“ಇಲ್ಲೇ ಇದೆ ನೋಡಿ ಸಾರ್.” ಅವನು ಫೋನು ತೆಗೆದು, ಶಾಲೆಯಲ್ಲಿ ಪಾಠ ಒಪ್ಪಿಸುವ ರಾಗದಲ್ಲಿ ಶುರು ಮಾಡಿದ: “ಮಾನ್ಯರೇ, ತಮ್ಮ ಪಯಣವನ್ನು ಬಹುಕಾಲದಿಂದ...”

ಒಳಗೆ ಮಾವನ ಬಿಸ್ಕತ್ತು ಅರ್ಧ ದಾರಿಯಲ್ಲೇ ನಿಂತಿತು. ತುಟಿ ತಾನಾಗಿ ಆಡತೊಡಗಿತು. ‘ಮಹತ್ವದ ತಿರುವಿನಲ್ಲಿ’ ಎಂಬಲ್ಲಿಗೆ ಬರುವಷ್ಟರಲ್ಲಿ ಒಳಗಿನಿಂದ ಮಾವ, ಹೊರಗಿನಿಂದ ಕೊಳಾಯಿಯವನು, ಇಬ್ಬರೂ ಒಂದೇ ಧ್ವನಿಯಲ್ಲಿ ಹೇಳಿ ಮುಗಿಸಿದರು: “...ನಿಂತಿದ್ದೇನೆ!”

ಕೊಳಾಯಿಯವನು ಖುಷಿಯಿಂದ ಇಣುಕಿದ. “ನಿಮಗೂ ಬಂದಿದ್ಯಾ ಯಜಮಾನ್ರೇ? ನಿಮ್ಮದೂ ಪ್ಲಂಬಿಂಗಾ?”

ಮಾವ ಬಿಸ್ಕತ್ತನ್ನು ತಟ್ಟೆಗೆ ವಾಪಸು ಇಟ್ಟರು. ಎದ್ದರು. ಅಂದು ಕಾರಿನಿಂದ ಇಳಿದಷ್ಟೇ ಮೆಲ್ಲಗೆ ದಿಂಬಿಗೆ ಕೈ ಹಾಕಿದರು. ಹೆಂಡತಿ ಟೀ ಲೋಟವನ್ನೇ ನೋಡುತ್ತ ನಿಂತಳು. ಬೈದಿದ್ದರೂ ವಾಸಿಯಿತ್ತು.

ಡಬ್ಬಿ ಸಾಹೇಬರು ಸುಂದರವಾದ ಒಂದು ವಾಕ್ಯಕ್ಕಾಗಿ ತಡಕಾಡಿದರು. ಒಂದೂ ಸಿಗಲಿಲ್ಲ. ಕೊನೆಗೆ ಬಾಗಿಲಿಗೆ ಅಡ್ಡ ನಿಂತು, ಬಾಯಿಗೆ ಬಂದದ್ದನ್ನು ಹೇಳಿದರು:

“ಮಾವ, ಆ ಮೆಸೇಜು ನಾನು ನಿಮಗೆ ಅಂತ ಕಳಿಸಿದ್ದಲ್ಲ. ಕನ್ನಡಕ ಇಲ್ಲದೆ ಏನೋ ಒತ್ತಿದೆ, ಎಲ್ಲರಿಗೂ ಹೋಯ್ತು. ನನ್ನ ಕೆಲಸ ಹೋಗ್ತಿದೆ. ಜನರ ಹತ್ರ ಮಾತಾಡಬೇಕಂತೆ, ನನಗೆ ಬರಲ್ಲ. ಆದ್ರೆ ಈಗ ಹೇಳ್ತಿರೋದು ನಾನೇ. ಹೋಗಬೇಡಿ. ಇರಿ.”

ಮಾವ ಅಳಿಯನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಹೊರಡಬೇಕೋ ಬೇಡವೋ ಎಂದು ಕಂಡಕ್ಟರನ ವಿಸಿಲ್‌ಗೆ ಕಾಯುವವರಂತೆ ನಿಂತರು. ಆಮೇಲೆ ದಿಂಬನ್ನು ಸೋಫಾದ ಮೇಲೆ ಇಟ್ಟರು.

“ಮೆಸೇಜು ಊರೆಲ್ಲಾ ಸುತ್ತಿ ಬಂತು. ಇದು ಡೈರೆಕ್ಟ್ ಬಸ್ಸು. ಸರಿ, ಇರ್ತೀನಿ.”

“ಬಂದದ್ದಕ್ಕೆ ಅಡುಗೆಮನೆ ನಲ್ಲಿ ಆದ್ರೂ ನೋಡ್ಲಾ ಸಾರ್?” ಎಂದ ಕೊಳಾಯಿಯವನು.

ಹೆಂಡತಿಗೆ ತಡೆಯಲಾಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತಲೇ ಕಣ್ಣೀರು ಒರೆಸಿಕೊಂಡು, ಅವನಿಗೂ ಒಂದು ಲೋಟ ಟೀ ತಂದಳು.

ಮಾವ ಉಳಿದರು. ಎರಡು ದಿನ ಕಳೆಯುವಷ್ಟರಲ್ಲಿ ಅವರಿಗೆ ಬೇಸರ ಹತ್ತಿತು. ಮೂರನೆಯ ದಿನ ಲಿಫ್ಟು ಕಣ್ಣಿಗೆ ಬಿತ್ತು. ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಅಲ್ಲಲ್ಲಿ ನಿಲ್ಲುತ್ತದೆ, ಜನ ಹತ್ತಿ ಇಳಿಯುತ್ತಾರೆ. ನಿವೃತ್ತ ಚಾಲಕನಿಗೆ ಇನ್ನೇನು ಬೇಕು! ಬಟನ್ನುಗಳ ಪಕ್ಕ ನಿಂತು, ಹತ್ತಿದವರನ್ನೆಲ್ಲ “ಎಲ್ಲಿಗೆ?” ಎಂದು ಕೇಳತೊಡಗಿದರು. ನಾಲ್ಕನೇ ಮಹಡಿ ಬರುವಷ್ಟರಲ್ಲಿ ಅವರ ಮನೆಯಲ್ಲಿ ಎಷ್ಟು ಜನ, ಏನು ಕೆಲಸ, ಮಂಡಿನೋವು ಯಾವಾಗಿನಿಂದ, ಎಲ್ಲವೂ ಮಾವನಿಗೆ ತಿಳಿದಿರುತ್ತಿತ್ತು. ಸಾಹೇಬರು ಮಾತ್ರ ನಾಚಿಕೆಯಿಂದ ಮೆಟ್ಟಿಲನ್ನು ಇನ್ನಷ್ಟು ವೇಗವಾಗಿ ಹತ್ತಿದರು.

ಒಂದು ಸಂಜೆ ಕಾರ್ಖಾನೆಯಿಂದ ಬಂದವರನ್ನು ಮೆಟ್ಟಿಲಿನ ಬುಡದಲ್ಲೇ ಮಾವ ತಡೆದರು. “ಹತ್ತಿ ಅಳಿಯಂದ್ರೆ.” ಲಿಫ್ಟಿನಲ್ಲಿ ಆಗಲೇ ಒಬ್ಬ ಮಹಿಳೆ ನಿಂತಿದ್ದರು. “ಇವರು ನಮ್ಮ ಮೇಲಿನ ಮನೆಯವರು. ಔಷಧಿ ಕಂಪನೀಲಿ ಪ್ಯಾಕಿಂಗ್ ಎಲ್ಲಾ ಇವರೇ ನೋಡ್ಕೊಳ್ಳೋದು. ಡಬ್ಬಿ ದೊಡ್ಡದಾಗಿ, ಒಳಗಿನ ಬಾಟಲಿ ಒಡೀತಿದೆಯಂತೆ. ಹೇಳಮ್ಮ, ಇವರಿಗೆ ಹೇಳು.”

ಡಬ್ಬಿ! ಆ ಒಂದು ಪದ ಕಿವಿಗೆ ಬಿದ್ದದ್ದೇ ತಡ, ಸಾಹೇಬರಿಗೆ ಹೆದರಿಕೆ ಮರೆತುಹೋಯಿತು. ಬಾಟಲಿ ಎಷ್ಟು ಎತ್ತರ, ಮಧ್ಯೆ ರಟ್ಟಿನ ಅಡ್ಡಗೋಡೆ ಇದೆಯೇ, ಲಾರಿಯಲ್ಲಿ ಒಂದರ ಮೇಲೊಂದು ಎಷ್ಟು ಪೇರಿಸುತ್ತೀರಿ ಎಂದು ತಾವೇ ಕೇಳಿದರು. ಕೈಯಲ್ಲಿದ್ದ ಊಟದ ಡಬ್ಬಿ ತೆರೆದು, ಚಮಚವನ್ನು ಅಡ್ಡ ಇಟ್ಟು ತೋರಿಸಿದರು. ಆಕೆ ಕೇಳುತ್ತ ಹೋದರು, ಇವರು ಹೇಳುತ್ತ ಹೋದರು. ನಾಲ್ಕನೇ ಮಹಡಿ ಎಷ್ಟೋ ಸಲ ಬಂದು ಹೋಯಿತು. ಯಾಕೆಂದರೆ ಬಾಗಿಲು ತೆರೆಯುತ್ತಿದ್ದಂತೆಯೇ ಮಾವ ಅದನ್ನು ಮುಚ್ಚಿಸಿ ಇನ್ನೊಂದು ಬಟನ್ ಒತ್ತುತ್ತಿದ್ದರು! ಕೆಳಗೆ ಕಾಯುತ್ತಿದ್ದವರು ಬಡಿದರೆ, “ಸ್ಪೆಷಲ್ ಗಾಡಿ! ಮುಂದಿನದಕ್ಕೆ ಬನ್ನಿ!” ಎಂದು ಒಳಗಿನಿಂದಲೇ ಕೂಗಿದರು.

ಮುಂದಿನ ವಾರ ಆ ಔಷಧಿ ಕಂಪನಿಯಲ್ಲಿ ಸಾಹೇಬರ ಸಂದರ್ಶನ ನಡೆಯಿತು. ಕೆಲಸ ಸಿಕ್ಕಿತು. ಹೆಂಡತಿ ಹೊಸ ಅಂಗಿ ತಂದಳು. ಮೊದಲ ದಿನ ಸಾಹೇಬರು ಅದನ್ನು ಹಾಕಿಕೊಂಡು, ಎದೆಯುಬ್ಬಿಸಿ ಹೊರಟರು. ಎಷ್ಟೇ ಆಗಲಿ, ಲಿಫ್ಟಿನಲ್ಲಿ ಬಾಯಿಬಿಟ್ಟು ಮಾತಾಡಿದವರು ತಾವೇ ತಾನೆ?

ಸಂಜೆ ಬಂದವರ ಎದೆ ಮಾಮೂಲು ಅಳತೆಗೆ ಇಳಿದಿತ್ತು. ಹೆಂಡತಿ ಕೇಳಿದಳು, “ಹೇಗಿತ್ತು ರೀ? ಎಲ್ಲರಿಗೂ ಪರಿಚಯ ಮಾಡಿಸಿದ್ರಾ?”

“ಮಾಡಿಸಿದ್ರು.”

“ಏನಂದ್ರು?”

ಸಾಹೇಬರು ಬೂಟು ಬಿಚ್ಚುತ್ತ, ತಲೆ ಎತ್ತದೆ ಹೇಳಿದರು. “ಮೇಲಿನ ಮನೆಯವರು ಎಲ್ಲರನ್ನೂ ಕೂಡಿಸಿ ಮಾವನ ಬಗ್ಗೆ ತುಂಬಾ ಹೊತ್ತು ಮಾತಾಡಿದ್ರು. ಇವರು ಅವರ ಅಳಿಯ ಅಂದ್ರು. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಕೊನೇಲಿ ಅಲ್ಲಿನ ಹಿರಿಯ ಸೂಪರ್‌ವೈಸರ್ ಕೈ ಕುಲುಕಿ ಕೇಳಿದ್ರು, ‘ನೀವು ಬಂದದ್ದು ಸಂತೋಷ. ಮಾವನವರು ಯಾವಾಗ ಸೇರ್ಕೋತಾರೆ?’”

ಹೆಂಡತಿ ನಗು ತಡೆಯಲಾರದೆ ಗೋಡೆಗೆ ಒರಗಿದಳು. ಸೋಫಾದ ಮೇಲೆ ದಿಂಬಿಗೆ ತಲೆಯಿಟ್ಟು ಮಲಗಿದ್ದ ಮಾವ ಮಾತ್ರ ನಗಲಿಲ್ಲ. ಎದ್ದು ಕೂತು, ಕೂದಲು ಸರಿಮಾಡಿಕೊಂಡು, ಬಹಳ ಗಂಭೀರವಾಗಿ ಕೇಳಿದರು:

“ಯಾವ ಶಿಫ್ಟು ಅಂತ ಏನಾದ್ರೂ ಹೇಳಿದ್ರಾ?”